ಕಡಿದದ್ದು ಯಾವ ಕಡೆ

ಆ ದಿನ ನಾನು ಕಡಿದದ್ದು ಗೋವಿನಜೋಳವೇ ಇರಬೇಕು, ಅಥವಾ ಬಿಳಿಜೋಳವೋ. ಅಂಗಡಿಯ ಕಟ್ಟೆಯ ಮೇಲೆ ಚೀಲವೊಂದು ಬಿಚ್ಚಿಕೊಂಡಿತ್ತು ಎಂಬುದನ್ನಷ್ಟೇ ಒಪ್ಪುತ್ತೇನೆ. ಉಳಿದದ್ದನ್ನು ನೆನಪು ಆಮೇಲೆ ಸೇರಿಸಿದ್ದಿರಬಹುದು.

ರಾಣೆಬೆನ್ನೂರಿನ ನಮ್ಮ ಕಾಳಿನ ಅಂಗಡಿಯಲ್ಲಿ ತೇವ ಅಳೆಯುವ ಮಷೀನು ಇದೆ. ಆದರೂ ರೈತರು ನನ್ನ ದವಡೆಯನ್ನೇ ನೋಡುತ್ತಾರೆ. ಕಡಿದಾಗ ಕಾಳು ಕಟ್ ಎಂದರೆ ಒಣಗಿದೆ, ಮೆತ್ತಗಾದರೆ ಹಸಿ. ಎಷ್ಟೋ ವರ್ಷ ಕಡಿದದ್ದು ಬಲಗಡೆಯ ಹಲ್ಲಿನಿಂದ. ಅದು ಹೋದ ಮೇಲೆ ಹಾವೇರಿಯ ಹಲ್ಲಿನ ಡಾಕ್ಟರು ದವಡೆಯ ಎಲುಬಿನಲ್ಲಿ ಇಂಪ್ಲಾಂಟ್ ಎಂಬ ಲೋಹದ ಬೇರು ಕೂರಿಸಿ, ಕೆಲವು ತಿಂಗಳು ಬಿಟ್ಟು, ಮೇಲೆ ಸ್ಕ್ರೂ ಬಿಗಿದು ಹಲ್ಲಿನಾಕಾರದ ಕ್ಯಾಪ್ ಹಾಕಿದರು. ಒಸಡಿನ ಅಂಚನ್ನು ಮೆತ್ತನೆಯ ಬ್ರಶ್ಶಿನಿಂದ ತಿಕ್ಕಬೇಕು, ಸಂದಿಯಲ್ಲಿ ದಾರ ಆಡಿಸಬೇಕು, ಗಟ್ಟಿ ಪದಾರ್ಥ ಆ ಕಡೆ ಕಡಿಯಬಾರದು ಎಂದರು. ತಿಕ್ಕಿದೆ, ದಾರ ಆಡಿಸಿದೆ. ನಂಬಿಕೆ ಮಾತ್ರ ಬರಲಿಲ್ಲ. ಸ್ವಂತ ಹಲ್ಲು ನೋವಿನ ಮೂಲಕವಾದರೂ ಸುದ್ದಿ ಕೊಡುತ್ತಿತ್ತು. ಇದಕ್ಕೆ ನರವೇ ಇಲ್ಲ. ನಾಲಿಗೆ ದಿನವೆಲ್ಲ ಅದರ ಸುತ್ತ ಗಸ್ತು ತಿರುಗುತ್ತಿತ್ತು.

ಬ್ಯಾಡಗಿ ಕಡೆಯ ರೈತರೊಬ್ಬರು ಆ ಚೀಲ ತಂದ ದಿನ ನನ್ನ ಬಾಯಲ್ಲಿ ಕಟ್ ಎಂದಿತು. "ಒಣಗೈತಿ" ಎಂದೆ. ಸಂಜೆ ಚಹಾ ಕುಡಿಯುವಾಗ ಕ್ಯಾಪ್ ಕೂದಲೆಳೆಯಷ್ಟು ಅಲುಗಿತು.

"ಕಾಳು ಕಡದ್ರೇನು?" ಎಂದಳು ಹೆಂಡತಿ, ನಾನು ಕೆನ್ನೆ ಒತ್ತಿಕೊಂಡದ್ದನ್ನು ನೋಡಿ.

"ಎಡಗಡೆ ಕಡದೇನಿ."

"ನಿಮ್ಮ ಬಾಯಿಗೆ ಎಡಗಡೆ ಅನ್ನೂದು ಐತೇನ್ರಿ? ಲಗ್ನ ಆದಾಗಿಂದ ನೋಡೇನಿ, ಎಲಿ ಅಡಕಿನೂ ಬಲಕ್ಕನ."

ಮರುದಿನ ಹಾವೇರಿಗೆ ಹೋದೆ. ಡಾಕ್ಟರು ಅಲುಗಿಸಿ ನೋಡಿದರು. "ಸ್ಕ್ರೂ ಸಡ್ಲ ಆಗೇತ್ರಿ. ಗಟ್ಟೀದು ಏನರ ಕಡದ್ರೇನು?"

"ಮೊದ್ಲ ನೀವು ಬರೋಬ್ಬರಿ ಬಿಗಿ ಮಾಡಿದ್ರೇನ್ರಿ?"

ಅವರು ನಕ್ಕರು. "ಸಂಶಯ ನನ್ನ ಮ್ಯಾಲ ಬಂತೇನು? ಆತು ಬಿಡ್ರಿ." ಬಿಗಿ ಮಾಡಿ, ಮೇಲಿನ ಕೆಳಗಿನ ಹಲ್ಲು ಎಲ್ಲಿ ತಾಗುತ್ತವೆಂದು ನೋಡಲು ನೀಲಿ ಕಾಗದ ಕಚ್ಚಿಸಿದರು. ಕ್ಯಾಪಿನ ಮೇಲೆ ಬಿದ್ದ ಗುರುತನ್ನು ಬಹಳ ಹೊತ್ತು ನೋಡಿದರು. "ಒಂಚೂರು ಎತ್ತರ ಅನಸ್ತೈತಿ, ಖಾತ್ರಿ ಇಲ್ಲ. ಈ ಕಡೆ ಕಾಳು ಕಡದು ಸಡ್ಲ ಆಗಿದ್ರ ಇದನ್ನ ಮುಟ್ಟೂದು ಬ್ಯಾಡ. ಕಡದಿಲ್ಲಂದ್ರ ಕ್ಯಾಪ್ ತಿಕ್ಕಿ ಎತ್ತರ ಇಳಸಬೇಕು, ಇಲ್ಲಾಂದ್ರ ಮತ್ತ ಸಡ್ಲ ಆಕ್ಕೈತಿ. ತಿಕ್ಕಿದ್ದು ತಿರುಗಿ ಬರೂದಿಲ್ರಿ. ಖರೇ ಹೇಳ್ರಿ."

ಎಡಗಡೆ ಎನ್ನಲು ಬಾಯಿ ತೆರೆದೆ. ಹಿಂದಿನ ಸಂಜೆ ಹೆಂಡತಿಗೆ ಹೇಳಿದ ಉತ್ತರ ನೆನಪಾಗುತ್ತಿತ್ತು, ಕಡಿದದ್ದು ನೆನಪಾಗುತ್ತಿರಲಿಲ್ಲ. ಕಟ್ ಎಂದದ್ದು ಕಾಳೋ, ಸ್ಕ್ರೂವೋ, ಅದೂ ತಿಳಿಯದು.

"ತಿಕ್ಕಬ್ಯಾಡ್ರಿ" ಎಂದೆ, ಬಲಗಡೆಯೇ ಕಡಿದೆನೆಂದು ಒಪ್ಪಿಕೊಂಡಂತೆ.

ಕ್ಯಾಪ್ ಸದ್ಯಕ್ಕೆ ಗಟ್ಟಿಯಾಗಿದೆ. ನಾನು ಹೇಳಿದ್ದು ಸರಿಯೋ ತಪ್ಪೋ ನನಗೆ ಗೊತ್ತಿಲ್ಲ.