ಮಸಿಬಟ್ಟೆಯಾದ ಶಾಲು

ನಮ್ಮ ದೊಡ್ಡ ಮೇಡಂ ಅವರದು ಎದ್ದು ಕಾಣುವ ಮೂಗು. ಉದ್ದ, ನಡುವೆ ತುಸು ಬಾಗು, ಎಡಬದಿಯಲ್ಲಿ ಬಿಳಿಕಲ್ಲಿನ ಮೂಗುಬೊಟ್ಟು. ಸಿಟ್ಟು ಬಂದಾಗ ಅವರ ದನಿ ಏರುತ್ತಿರಲಿಲ್ಲ, ಮೂಗಿನ ಹೊಳ್ಳೆ ಅರಳುತ್ತಿತ್ತು. ಸ್ಟಾಫ್ ರೂಮಿನಲ್ಲಿ ಯಾರಾದರೂ ಬುತ್ತಿಯ ಮುಚ್ಚಳ ಸಡಿಲಿಸಿದರೆ ಸಾಕು, ಉತ್ತರಪತ್ರಿಕೆಯಿಂದ ತಲೆ ಎತ್ತದೆಯೇ "ಬಸಳೆ. ಸಿಗಡಿ ಹಾಕಿದ್ದಾರೆ. ಹುಳಿ ಸ್ವಲ್ಪ ಜಾಸ್ತಿ ಆಯ್ತು" ಎಂದು ತೀರ್ಪು ಕೊಡುತ್ತಿದ್ದರು. ಬುತ್ತಿ ತಂದವರು ಮುಖ ಕೆಂಪು ಮಾಡಿಕೊಂಡು ಮೂಲೆಗೆ ತಿರುಗಿ ಉಣ್ಣುತ್ತಿದ್ದರು.

ಎಪ್ಪತ್ತರ ದಶಕ ಮುಗಿಯುತ್ತಿದ್ದಾಗ ನಾನು ಅವರಿದ್ದ ಕಾಲೇಜಿಗೆ ಕನ್ನಡ ಕಲಿಸಲು ಸೇರಿದೆ. ಅವರು ಚರಿತ್ರೆ ವಿಭಾಗದ ಮುಖ್ಯಸ್ಥೆ. ಇಬ್ಬರ ಬಾಡಿಗೆ ಮನೆಯೂ ಲಾಯಿಲದಲ್ಲಿ, ಬೆಳಿಗ್ಗೆ ಹಿಡಿಯುವ ಬಸ್ಸೂ ಒಂದೇ. ಅವರಿಗೆ ಮದುವೆಯಾಗಿರಲಿಲ್ಲ. ಯಾಕೆಂದು ಕೇಳುವ ಧೈರ್ಯ ಮಾಡಿದವರಿಗೆ "ನನ್ನ ಗಂಜಿ ನಾನೇ ಬೇಯಿಸ್ತೇನಲ್ಲ, ಮತ್ತೆಂತಕ್ಕೆ?" ಎನ್ನುತ್ತಿದ್ದರು. ಅದು ಬಾಯಿಮಾತಲ್ಲ. ದಿನವೂ ರಾತ್ರಿ ಕುಚ್ಚಲಕ್ಕಿ ಗಂಜಿ, ಜೊತೆಗೆ ಕೆಂಡದಲ್ಲಿ ಹುರಿದು ಕಡೆಯುವ ಕಲ್ಲಿನಲ್ಲಿ ಅರೆದ ಒಣಸಿಗಡಿಯ ಚಟ್ನಿ. ಆ ಚಟ್ನಿಯ ವಾಸನೆ ನಾಲ್ಕು ಮನೆ ದಾಟಿ ನಮ್ಮ ಮನೆಗೂ ಬರುತ್ತಿತ್ತು. ಓಣಿಯ ಕೆಲವರು ಕಿಟಕಿ ಹಾಕಿಕೊಳ್ಳುತ್ತಿದ್ದರು, ನಾನು ತೆಗೆದಿಡುತ್ತಿದ್ದೆ.

ನಿವೃತ್ತಿಗೆ ಒಂದು ವರ್ಷ ಇರುವಾಗ ಅವರಿಗೊಂದು ಹುಚ್ಚು ಹಿಡಿಯಿತು. ಸಂಸ್ಕೃತಿ, ಮುಪ್ಪು, ಊಟ, ಈ ಮೂರನ್ನೂ ಒಂದೇ ಚಾಪೆಯಲ್ಲಿ ಕೂರಿಸಿ ಎರಡು ದಿನದ ವಿಚಾರ ಸಂಕಿರಣ ಮಾಡಬೇಕು. ಚರಿತ್ರೆಯವರು, ಸಸ್ಯಶಾಸ್ತ್ರದವರು, ಕನ್ನಡದವರು, ಊರಿನ ಡಾಕ್ಟರು, ಎಲ್ಲರೂ ಮಾತಾಡಬೇಕು. ಹಾಗೆಲ್ಲ ವಿಭಾಗಗಳ ಬೇಲಿ ಹಾರುವುದು ಆಗ ನಮ್ಮ ಕಡೆ ಯಾರಿಗೂ ಗೊತ್ತಿರಲಿಲ್ಲ. ಅದಕ್ಕಿಂತ ದೊಡ್ಡ ಹುಚ್ಚೆಂದರೆ, ಮುದುಕಿಯರ ಅಡುಗೆಯ ಬಗ್ಗೆ ಮಾತಾಡುವ ವೇದಿಕೆಯಲ್ಲಿ ಮುದುಕಿಯರೇ ಕೂತು ಮಾತಾಡಬೇಕು, ಮಧ್ಯಾಹ್ನ ಅವರು ಮಾಡಿದ್ದನ್ನೇ ಎಲ್ಲರೂ ಉಣ್ಣಬೇಕು ಎಂಬುದು.

ಇಬ್ಬರು ಒಪ್ಪಿದರು. ಒಬ್ಬರು ಮೂಡಬಿದಿರೆಯ ಜೈನ ಅಜ್ಜಿ, ಇನ್ನೊಬ್ಬರು ಬಂಟ್ವಾಳದ ಹೊಳೆಬದಿಯ ಮುಸ್ಲಿಂ ಕುಟುಂಬದ ಬ್ಯಾರಿ ಅಜ್ಜಿ. ಬ್ಯಾರಿ ಅಜ್ಜಿ ಹೇಳಿಕೊಡಬೇಕಾದದ್ದು ಮಳೆಗಾಲಕ್ಕೆಂದು ಬೇಸಿಗೆಯಲ್ಲೇ ಮೀನು ಒಣಗಿಸಿ ಕಟ್ಟಿಡುವ ಕ್ರಮ, ಮಾಡಬೇಕಾದದ್ದು ಗಂಜಿ ಮತ್ತು ಒಣಸಿಗಡಿ ಚಟ್ನಿ.

ಗಲಾಟೆ ಎದ್ದದ್ದು ಅಲ್ಲೇ. ಪ್ರಿನ್ಸಿಪಾಲರು ಸಭೆ ಕರೆದರು. ಕೆಟ್ಟವರೇನಲ್ಲ, ಯಾರ ಮನಸ್ಸೂ ನೋಯಬಾರದೆಂದು ಎಲ್ಲರ ಬಾಯಿಯನ್ನೂ ಮುಚ್ಚಿಸುವ ಜಾತಿಯ ಒಳ್ಳೆಯವರು.

"ಮೇಡಂ, ಊಟದ ಪರಂಪರೆ ಅಂದ ಮೇಲೆ ಬಾಳೆಲೆ, ಪಾಯಸ, ಹೋಳಿಗೆ ಎಲ್ಲ ಉಂಟಲ್ಲ. ಒಣಮೀನು ಎಂತಕ್ಕೆ? ಹೊರಗಿನ ಊರಿನ ವಿದ್ವಾಂಸರು ಬರ್ತಾರೆ. ಮೂಡಬಿದಿರೆಯಿಂದ ಆ ಜೈನ ಅಮ್ಮ ಬೇರೆ ಬರುವವರು. ಅವರಿಗೆ ನೋವಾದರೆ?"

"ನೋವಾಗ್ತದೆ ಅಂತ ಅವರು ಹೇಳಿದ್ರಾ ಸರ್?"

"ಹೇಳ್ಬೇಕಾ ಮೇಡಂ? ಗೊತ್ತಾಗ್ತದಲ್ಲ." ಅವರು ಕನ್ನಡಕ ತೆಗೆದು ಒರೆಸಿದರು. "ಒಂದು ಕೆಲಸ ಮಾಡುವ. ಇದರ ಜವಾಬ್ದಾರಿ ಬೇರೆ ಯಾರಾದರೂ ನೋಡಿಕೊಳ್ಳಲಿ. ನಿಮಗೆ ಒಂದು ಸನ್ಮಾನ ಇಡುವ, ಶಾಲು ಹೊದಿಸಿ. ನಿಮಗೂ ವಯಸ್ಸಾಯ್ತು."

ಮೂಗಿನ ಹೊಳ್ಳೆ ಅರಳಿತು. "ಮುಪ್ಪಿನ ಬಗ್ಗೆ ಸಂಕಿರಣ ಮಾಡುವವರೇ ಹೀಗೆ ಹೇಳಿದರೆ ಹೇಗೆ ಸರ್? ಬಾಯಿ ಮುಚ್ಚಿ ಕೂತರೆ ಶಾಲು, ಬಾಯಿ ಬಿಟ್ಟರೆ ವಯಸ್ಸಾಯ್ತು. ಚೆನ್ನಾಗಿದೆ ಇದು."

ಸಭೆ ಮುಗಿದ ಕೂಡಲೇ ಅವರು ನನ್ನ ಮೇಜಿನ ಹತ್ತಿರ ಬಂದರು. "ಚೀಲ ಹಿಡ್ಕೊ ಮಾರಾಯ್ತಿ. ಮೂಡಬಿದಿರೆಗೆ ಹೋಗುವ. ನೋವು ಯಾರಿಗೆ ಅಂತ ಕೇಳಿಯೇ ಬಿಡುವ." ಒಣಸಿಗಡಿ ಇಲ್ಲವೆಂದರೆ ಬಂಟ್ವಾಳದ ಅಜ್ಜಿಯೂ ಇಲ್ಲ, ಆ ಅಜ್ಜಿ ಇಲ್ಲವೆಂದರೆ ತನಗೆ ಸಂಕಿರಣವೇ ಬೇಡ ಎಂದು ಬಸ್ಸಿನುದ್ದಕ್ಕೂ ಹೇಳುತ್ತಲೇ ಇದ್ದರು.

ಜೈನ ಅಜ್ಜಿ ಚಾವಡಿಯಲ್ಲಿ ಕಾಲು ಚಾಚಿ ಕೂತು ಹೆಸರುಕಾಳು ಆರಿಸುತ್ತಿದ್ದರು. ಹುಳ ಸಿಕ್ಕಿದರೆ ಎಲೆಯ ಮೇಲೆ ತೆಗೆದು ಮೆಟ್ಟಿಲಾಚೆ ಬಿಡುವವರು. ಇವರ ಎದುರು ಒಣಮೀನಿನ ಮಾತು ತೆಗೆಯುವುದು ಹೇಗಪ್ಪಾ ಎಂದು ನಾನು ಚೀಲವನ್ನು ಮಡಿಲಿಗೆ ಎಳೆದುಕೊಂಡೆ. ದೊಡ್ಡ ಮೇಡಂ ಸುತ್ತಿಬಳಸಲಿಲ್ಲ, ನಡೆದದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದರು.

ಅಜ್ಜಿ ಕಾಳು ಆರಿಸುವುದನ್ನು ನಿಲ್ಲಿಸಲಿಲ್ಲ. "ಮೀನು ತಿನ್ನುವುದು ಸರಿ ಅಂತ ನಾನು ಹೇಳುವುದಿಲ್ಲ ಟೀಚರೇ, ಸಾಯುವವರೆಗೂ ಹೇಳುವುದಿಲ್ಲ. ಆದರೆ ಆ ಹೆಂಗಸಿನ ಮನೆಯಲ್ಲಿ ಮಳೆಗಾಲ ಕಳೆದದ್ದು ಅದರಲ್ಲಿ ಅಲ್ವಾ? ಮತ್ತೆ ಅವಳು ಬೇರೆ ಎಂತ ಹೇಳ್ಬೇಕು? ನನ್ನ ಎಲೆ ದೂರ ಹಾಕಿ. ಪಾತ್ರೆ ನಾನೇ ತರ್ತೇನೆ. ಹೊತ್ತು ಮುಳುಗುವ ಮೊದಲು ಮನೆಗೆ ಮುಟ್ಟಿಸಿ, ಆಮೇಲೆ ನಾನು ಉಣ್ಣುವುದಿಲ್ಲ." ಆಮೇಲೆ ಮೊರ ಪಕ್ಕಕ್ಕಿಟ್ಟು ತಲೆ ಎತ್ತಿದರು. "ನನ್ನ ಹೆಸರು ಹೇಳಿ ಇನ್ನೊಬ್ಬಳ ಬಾಯಿ ಮುಚ್ಚಿಸ್ಬೇಡಿ ಅಂತ ಹೇಳಿ ನಿಮ್ಮ ಪ್ರಿನ್ಸಿಪಾಲರಿಗೆ. ಅದು ನನಗೆ ನೋವು."

ಬಸ್ಸಿನಲ್ಲಿ ಹಿಂತಿರುಗುವಾಗ ದೊಡ್ಡ ಮೇಡಂ ಕಿಟಕಿಯಾಚೆ ನೋಡುತ್ತಾ ಕೂತಿದ್ದರು. ಅವರ ಕಣ್ಣಲ್ಲಿ ನೀರಿತ್ತು. ನಾನು ನೋಡಿದ್ದು ಗೊತ್ತಾಗಿ "ಧೂಳು" ಎಂದರು.

ಅಜ್ಜಿಯ ಮಾತನ್ನು ಅಕ್ಷರ ಬಿಡದೆ ಪ್ರಿನ್ಸಿಪಾಲರಿಗೆ ಒಪ್ಪಿಸಿದರು. ಪಾಪ, ಅವರಿಗೆ ಇನ್ನೇನು ಉಳಿದಿತ್ತು? "ಆಯ್ತು, ಆದರೆ ಕಾಲೇಜಿನ ಅಡುಗೆಮನೆಯಲ್ಲಿ ಮಾತ್ರ ಬೇಡ" ಎಂದರು. "ಬೇಡ" ಎಂದು ಇವರೂ ಒಪ್ಪಿ, ಸೈಕಲ್ ಸ್ಟ್ಯಾಂಡಿನ ಹಿಂದೆ ಹಲಸಿನ ಮರದ ಕೆಳಗೆ ಮೂರು ಕೆಂಪುಕಲ್ಲು ಇಡಿಸಿದರು. ಸನ್ಮಾನ ಮಾತ್ರ ಆಮಂತ್ರಣದಲ್ಲಿ ಅಚ್ಚಾಗಿಯೇ ಹೋಗಿತ್ತು.

ಸಂಕಿರಣದ ಮೊದಲ ದಿನ ಬ್ಯಾರಿ ಅಜ್ಜಿ ವೇದಿಕೆಯಲ್ಲಿ ತುಳುವಿನಲ್ಲೇ ಮಾತಾಡಿದರು, ನಾನು ಕನ್ನಡದಲ್ಲಿ ಹೇಳುತ್ತಾ ಹೋದೆ. ಒಣಮೀನಿನ ಕಟ್ಟನ್ನು ಒಲೆಯ ಮೇಲೆ ಹೊಗೆ ತಾಗುವ ಹಾಗೆ ಎಲ್ಲಿ ನೇತುಹಾಕಬೇಕು ಎಂದು ಅವರು ಕೈಯೆತ್ತಿ ತೋರಿಸಿದಾಗ ಹಿಂದಿನ ಸಾಲಿನ ಹುಡುಗಿಯರು ನಕ್ಕರು. ಅಜ್ಜಿಯೂ ನಕ್ಕು, "ನಿಮ್ಮ ಮನೆಯಲ್ಲಿಯೂ ಉಂಟು, ಗೊತ್ತುಂಟು ನನಗೆ" ಎಂದು ಕನ್ನಡದಲ್ಲೇ ಹೇಳಿದರು. ಸಭೆಯಲ್ಲಿ ದೊಡ್ಡ ಚಪ್ಪಾಳೆ. ಮಾತು ಮುಗಿಸಿ ಅವರು ಒಲೆಯ ಕಡೆ ಓಡಿದರು.

ಊಟಕ್ಕೆ ಮೊದಲು ಸನ್ಮಾನ. ಪ್ರಿನ್ಸಿಪಾಲರು ಜರಿಯ ಅಂಚಿನ ಶಾಲು ಹೊದಿಸಿ, ಇನ್ನು ಮೇಡಂ ನಿಶ್ಚಿಂತೆಯಿಂದ ವಿಶ್ರಾಂತಿ ಪಡೆಯಲಿ ಎಂದು ಹಾರೈಸಿದರು. ದೊಡ್ಡ ಮೇಡಂ ಕೈಮುಗಿದರು, ಧನ್ಯವಾದ ಎಂದರು, ಶಾಲು ಹೊದ್ದುಕೊಂಡೇ ವೇದಿಕೆಯಿಂದ ಇಳಿದು ನೇರ ಹಲಸಿನ ಮರದ ಕಡೆ ನಡೆದರು. ಏನಾಯಿತೆಂದು ತಿಳಿಯದೆ ಸಭೆಯೇ ಹಿಂದೆ ಹೊರಟಿತು.

ಅಲ್ಲಿ ಗಂಜಿ ಉಕ್ಕುತ್ತಿತ್ತು. ದೊಡ್ಡ ತಪ್ಪಲೆಯನ್ನು ಇಳಿಸಲು ಬಟ್ಟೆ ಸಿಗದೆ ಬ್ಯಾರಿ ಅಜ್ಜಿ ಸುತ್ತ ಹುಡುಕುತ್ತಿದ್ದರು. ದೊಡ್ಡ ಮೇಡಂ ಹೆಗಲ ಮೇಲಿನ ಶಾಲು ತೆಗೆದು, ಮಡಚಿ, ತಪ್ಪಲೆಯ ಒಂದು ಬದಿ ಹಿಡಿದರು. ಶಾಲಿನ ಇನ್ನೊಂದು ತುದಿಯನ್ನು ಅಜ್ಜಿಯ ಕೈಗೆ ಕೊಟ್ಟರು.

"ಅಯ್ಯೋ ಟೀಚರೇ, ಜರಿ!" ಎಂದರು ಅಜ್ಜಿ.

"ಇರ್ಲಿ ಹಿಡೀರಿ. ನನಗೆ ಚಳಿ ಇಲ್ಲ."

ಇಬ್ಬರೂ ಸೇರಿ ತಪ್ಪಲೆ ಇಳಿಸಿದರು. ಶಾಲಿಗೆ ಮಸಿ ಹತ್ತಿತು, ಒಂದು ಮೂಲೆ ಸುಟ್ಟಿತು. ದೊಡ್ಡ ಮೇಡಂ ತಿರುಗಿ, "ಬನ್ನಿ ಸರ್, ಗಂಜಿ ತಣ್ಣಗಾಗ್ತದೆ" ಎಂದರು. ಪ್ರಿನ್ಸಿಪಾಲರು ಮಸಿ ಹತ್ತಿದ ಶಾಲನ್ನೊಮ್ಮೆ ನೋಡಿ, ಆಮೇಲೆ ಪಂಚೆ ಎತ್ತಿಕೊಂಡು ಕೂತು ಉಪ್ಪಿನಕಾಯಿಯಲ್ಲಿ ಗಂಜಿ ಉಂಡರು. ಜೈನ ಅಜ್ಜಿ ದೂರದ ಜಗಲಿಯಲ್ಲಿ ತಮ್ಮ ಪಾತ್ರೆಯ ಹೆಸರುಕಾಳು ಪಾಯಸವನ್ನು ಬಂದವರಿಗೆಲ್ಲ ಬಡಿಸುತ್ತಿದ್ದರು. ಬ್ಯಾರಿ ಅಜ್ಜಿ ಕೈ ತೊಳೆದು ಬಂದು ಎರಡು ಸಲ ಹಾಕಿಸಿಕೊಂಡರು.

ನಿವೃತ್ತಿಯ ನಂತರವೂ ದೊಡ್ಡ ಮೇಡಂ ಲಾಯಿಲ ಬಿಡಲಿಲ್ಲ. ಕಲ್ಲಡ್ಕದ ತಮ್ಮ ಕರೆದರೂ ಹೋಗಲಿಲ್ಲ. ಉಪ್ಪು ಖಾರ ಬಿಡಿ ಎಂದ ಡಾಕ್ಟರಿಗೆ "ಬಿಟ್ಟರೆ ಎಷ್ಟು ವರ್ಷ ಬದುಕ್ತೇನೆ ಅಂತ ಬರೆದುಕೊಡ್ತೀರಾ?" ಎಂದು ಕೇಳಿದರು. ಎಂಬತ್ತರ ದಶಕ ಮುಗಿಯುವ ಮೊದಲೇ ಒಂದು ಸಂಜೆ, ಜಗಲಿಯ ಬೆಂಚಿನ ಮೇಲೆ ಕೂತಲ್ಲೇ ಹೋಗಿಬಿಟ್ಟರು. ನನಗೆ ತಾಯಿ ಹೋದಾಗ ಆದಷ್ಟೇ ದುಃಖವಾಯಿತು.

ಬೊಜ್ಜ, ಅಂದರೆ ಉತ್ತರಕ್ರಿಯೆ, ಅದೇ ಮನೆಯಲ್ಲಿ ನಡೆಯಿತು. ಆ ದಿನ ಸಂಜೆ, ತೀರಿಹೋದವರಿಗೆ ಇಷ್ಟವಾದದ್ದನ್ನೆಲ್ಲ ಎಲೆಯಲ್ಲಿ ಬಡಿಸಿ, ಬಾಗಿಲು ಎಳೆದುಕೊಂಡು, ಅವರು ಉಣ್ಣಲೆಂದು ಹೊರಗೆ ಕಾಯುವುದು ಅವರ ಮನೆತನದ ಕ್ರಮ. ತಮ್ಮನ ಹೆಂಡತಿ ಎಲೆ ಹಾಕಿದ್ದರು. ಗಂಜಿ, ಪಲ್ಯ, ಪಾಯಸ, ಹಪ್ಪಳ. ಅಷ್ಟೇ.

"ಚಟ್ನಿ?" ಎಂದೆ.

"ಸಿಗಡಿ ತಂದು ಇಟ್ಟಿದ್ದೇನೆ ಅಕ್ಕ. ಆದರೆ ಹೊರಗೆ ಕಾಲೇಜಿನವರೆಲ್ಲ ಕೂತಿದ್ದಾರೆ. ವಾಸನೆ ಬರ್ತದಲ್ಲ?"

ಅಷ್ಟು ವರ್ಷ ಎಷ್ಟೋ ಸಭೆಗಳಲ್ಲಿ ನಾನು ಅವರ ಪಕ್ಕದಲ್ಲಿ ಕೂತವಳು, ಮಾತೆಲ್ಲ ಅವರದೇ ಆಗಿತ್ತು. ಅವತ್ತು ನನ್ನ ಪಕ್ಕದಲ್ಲಿ ಯಾರೂ ಇರಲಿಲ್ಲ. ಅಡುಗೆಮನೆಯ ಮೊಳೆಯಲ್ಲಿ, ಅವರು ಮಸಿಬಟ್ಟೆ ಮಾಡಿಕೊಂಡಿದ್ದ ಆ ಮೂಲೆ ಸುಟ್ಟ ಶಾಲು ಎಂದಿನಂತೆ ನೇತಾಡುತ್ತಿತ್ತು. ಅದನ್ನು ಎಳೆದು ಸೊಂಟಕ್ಕೆ ಸಿಕ್ಕಿಸಿಕೊಂಡೆ, ಕೆಂಡ ಕೆದಕಿದೆ, ಬಾಣಲೆಗೆ ಒಣಸಿಗಡಿ ಸುರಿದೆ.

"ಬರ್ಲಿ" ಎಂದೆ. ಮತ್ತೆ ಎದ್ದು ಹೋಗಿ, ಅಂಗಳದ ಕಡೆಯ ಕಿಟಕಿಯನ್ನು ಪೂರ್ತಿ ತೆರೆದೆ.