ಕೈ ಮೇಲೆ ಕೂರುವ ವಿದ್ಯೆ

ಮೊನ್ನೆ ಶುಕ್ರವಾರ ಮಧ್ಯಾಹ್ನ ಪಕ್ಕದ ಬೀದಿಯ ಮದುವೆ ಹೆಣ್ಣಿನ ರವಿಕೆಗೆ ತೋಳು ಜೋಡಿಸುತ್ತ ಕೂತಿದ್ದೆ. ಮೊಬೈಲು ಟಣ್ ಅಂದಿತು. ಮೊಮ್ಮಗಳ ಶಾಲೆಯ ವಾಟ್ಸಾಪ್ ಗ್ರೂಪು. ಸೊಸೆ ಸವಿತಾ ಬೆಳಿಗ್ಗೆಯೇ ಹಾಸನದ ಬಸ್ಸು ಹಿಡಿದು ಕೆಲಸಕ್ಕೆ ಹೋಗುವವಳು, ಹಾಗಾಗಿ ಆ ಗ್ರೂಪಿಗೆ ನನ್ನ ನಂಬರನ್ನೂ ಸೇರಿಸಿದ್ದಾರೆ. ತೆರೆದು ನೋಡಿದರೆ ಒಂದು ಫೋಟೋ. ಯುಕೆಜಿ ಗೋಡೆಯ ಮೇಲೆ ಸಾಲಾಗಿ ಅಂಟಿಸಿದ ಕಾಗದದ ಹೂಗಳು, ಒಂದೊಂದೂ ಅಚ್ಚಿನಲ್ಲಿ ತೆಗೆದ ಹಾಗೆ. ಕೆಳಗೆ 'ನಮ್ಮ ಪುಟಾಣಿಗಳ ಕೈಚಳಕ' ಎಂಬ ಬರಹ. ಅದಕ್ಕೆ ಅಪ್ಪ ಅಮ್ಮಂದಿರು ಸಾಲುಸಾಲಾಗಿ ಚಪ್ಪಾಳೆ ತಟ್ಟಿದ್ದಾರೆ.

ಪುಟಾಣಿಗಳ ಕೈಚಳಕವಂತೆ! ನಮ್ಮ ಚನ್ನರಾಯಪಟ್ಟಣದ ಬಸ್ ಸ್ಟ್ಯಾಂಡಿನ ಹತ್ತಿರ ಸ್ಟೇಷನರಿ ಅಂಗಡಿಯೊಂದಿದೆ. ಅಲ್ಲಿ ಇವೇ ಹೂಗಳು ಪ್ಲಾಸ್ಟಿಕ್ ಕವರಿನೊಳಗೆ ನೇತಾಡುವುದನ್ನು ನೂಲು ತರಲು ಹೋದಾಗಲೆಲ್ಲ ನೋಡುತ್ತೇನೆ. 'ಮೊದಲನೇ ಬಹುಮಾನ' ಎಂದು ಪಟ್ಟಿ ಅಂಟಿಸಿದ್ದ ಹೂವಿನ ಅಂಚಿನಲ್ಲಂತೂ ಅಂಗಡಿಯ ಚೀಟಿ ಅರ್ಧ ಕಿತ್ತು ಅರ್ಧ ಹಾಗೇ ಉಳಿದಿತ್ತು. ಫೋಟೋ ದೊಡ್ಡದು ಮಾಡಿದರೆ ಕಾಣುತ್ತದೆ. ಹೌದು, ದೊಡ್ಡದು ಮಾಡಿ ನೋಡಿದೆ. ಅರವತ್ತು ದಾಟಿದವಳಿಗೆ ಇದೆಲ್ಲ ಯಾಕೆ ಬೇಕಿತ್ತು ಅನ್ನುತ್ತೀರೇನೋ. ಆ ಗೋಡೆಯ ಮೇಲೆ ನನ್ನ ಇಂಚರಳ ಹೂವು ಇರಲಿಲ್ಲ ಸ್ವಾಮಿ! ಎಡಗಡೆಯಿಂದ ಹುಡುಕಿದೆ, ಬಲಗಡೆಯಿಂದ ಹುಡುಕಿದೆ, ಇರಲಿಲ್ಲ.

ಬುಧವಾರ ಸಂಜೆಯೆಲ್ಲ ನನ್ನ ಮೆಷಿನ್ನಿನ ಪಕ್ಕದಲ್ಲೇ ಕೂತು ಆ ಮಗು ನೇರಳೆ ಕಾಗದ ಮಡಿಚಿ, ನಾಲಿಗೆ ಹೊರಗೆ ಚಾಚಿಕೊಂಡು ಕತ್ತರಿಸಿತ್ತು. ಎಸಳೊಂದು ದಪ್ಪ, ಒಂದು ಸಣ್ಣ. ಆದರೆ ಹೂವು ಹೂವೇ. ಗುರುವಾರ ಬೆಳಿಗ್ಗೆ ಶಾಲೆಯ ಆಟೋ ಬರುವ ಮುಂಚೆ, ಅಂಚು ತೀರಾ ಸೊಟ್ಟಗಿದೆ ಅನ್ನಿಸಿ ನಾಲ್ಕು ಕಡೆ ನಾನು ಕತ್ತರಿ ಆಡಿಸಿದ್ದೆ, ಅಷ್ಟೆ. ರವಿಕೆಯ ಅಂಚಿನ ಎಳೆ ತೆಗೆದ ಹಾಗೆ. ಅದನ್ನೆಲ್ಲ ದೊಡ್ಡದು ಮಾಡಬೇಡಿ. ಮಗು ಮಾಡಿದ್ದನ್ನು ಮೂಲೆಗೆ ಎಸೆದು ಅಂಗಡಿಯದಕ್ಕೆ ಬಹುಮಾನ ಕೊಟ್ಟರಲ್ಲ, ಇವರಿಗೇನಾಗಿದೆ? ಸೂಜಿ ಬೆರಳಿಗೆ ಚುಚ್ಚಿತು. ಮದುವೆ ಹೆಣ್ಣಿನ ರವಿಕೆಯನ್ನು ಮಡಿಚಿಟ್ಟು ಚಪ್ಪಲಿ ಮೆಟ್ಟಿಕೊಂಡೆ.

ಶಾಲೆಯ ದಾರಿಯುದ್ದಕ್ಕೂ ನೆನಪಾಗಿ ನನ್ನ ಜೊತೆ ನಡೆದವರು ಸಾಕಮ್ಮ ಟೀಚರು. ನೀವು ಅವರನ್ನು ಕಂಡಿಲ್ಲ, ಕಂಡಿದ್ದರೆ ಮರೆಯುತ್ತಿರಲಿಲ್ಲ. ಕಟ್ಟಾಯದಲ್ಲಿ ನಾನು ಹೋಗುತ್ತಿದ್ದ ಶಿಶುವಿಹಾರಕ್ಕೆ ಅವರೇ ಟೀಚರು, ಅವರೇ ಆಯಾ, ಅವರೇ ಜವಾನ. ಅರಕಲಗೂಡು ಕಡೆಯವರು. ದನಿ ಎಷ್ಟು ಜೋರೆಂದರೆ ಅವರು 'ಕೂತ್ಕೊಳ್ಳಿ' ಅಂದರೆ ಬೀದಿಯಲ್ಲಿ ಹೋಗುವ ಗಂಡಸರೂ ಒಂದು ಗಳಿಗೆ ನಿಲ್ಲುತ್ತಿದ್ದರು. ಅವರ ತಗಡಿನ ಟ್ರಂಕಿನ ತುಂಬ ಕಾಗದ. ಹಳೇ ಕ್ಯಾಲೆಂಡರು, ಟೀ ಪುಡಿಯ ಪೊಟ್ಟಣ, ಊದುಬತ್ತಿ ಸುತ್ತಿದ ಗುಲಾಬಿ ಹಾಳೆ. ಆ ಟ್ರಂಕು ತೆರೆದರೆ ಪೂಜೆಯ ಮನೆ ಘಮ. ಮೈದಾ ಕುದಿಸಿ ಅಂಟು ಮಾಡಿಡುತ್ತಿದ್ದರು, ಅದರಲ್ಲಿ ಅರ್ಧ ನಮ್ಮ ಹೊಟ್ಟೆಗೇ ಹೋಗುತ್ತಿತ್ತು. ಬೆಲ್ಲವೊಂದು ಇರಲಿಲ್ಲ ಅನ್ನುವುದು ಬಿಟ್ಟರೆ ಬಲು ರುಚಿ.

ದೋಣಿ, ಟೋಪಿ, ಕಪ್ಪೆ ಎಲ್ಲ ಕಲಿಸಿದರು. ಕೊನೆಗೆ ಹೂವು. ಹಾಳೆಯನ್ನು ಅಡ್ಡಕ್ಕೊಮ್ಮೆ ಉದ್ದಕ್ಕೊಮ್ಮೆ ಮಡಿಚಬೇಕು. ಆಗ ಹಾಳೆಯ ನಟ್ಟನಡು ಒಂದು ಮುಚ್ಚಿದ ಮೂಲೆಯಾಗಿ ಕೈಗೆ ಸಿಗುತ್ತದೆ. ಅದಕ್ಕೆ ಅವರು ತಾಯಿ ಮೂಲೆ ಅನ್ನುತ್ತಿದ್ದರು. "ತಾಯಿ ಮೂಲೆ ಎರಡು ಬೆಳ್ಳಲ್ಲಿ ಬಿಗಿಯಾಗಿ ಇಡ್ಕಳಿ ಕಣ್ರಲಾ. ಅದ ಬುಟ್ಟು ಬಿಚ್ಚಿರೋ ಮೂಲೆ ಇಡ್ಕಂಡು ಕತ್ತರಿಸಿದ್ರೆ ಊವಾಗಕಿಲ್ಲ, ಬರೀ ಬಿಡಿ ಎಸಳು ಉದುರ್ತವೆ!" ಕತ್ತರಿಸಿದ ಮೇಲೆ ಬಿಚ್ಚುವವರೂ ಕತ್ತರಿಸಿದವರೇ ಆಗಬೇಕು. ಬೇರೆ ಯಾರೂ ಮುಟ್ಟುವಂತಿಲ್ಲ, ಟೀಚರು ಕೂಡ.

ಇನ್ನೊಂದು ಕಟ್ಟಳೆಯಿತ್ತು. ಬೇಗ ಮುಗಿಸಿದವರು ಮಿಕ್ಕವರದು ಮುಗಿಯುವವರೆಗೂ ಎರಡೂ ಅಂಗೈಗಳನ್ನು ತೊಡೆಯಡಿ ಇಟ್ಟುಕೊಂಡು ಕೂರಬೇಕು. ನಮ್ಮಪ್ಪ ಕಟ್ಟಾಯದ ಟೈಲರು. ಕತ್ತರಿ ನನಗೆ ಅನ್ನದ ತಟ್ಟೆಯಷ್ಟೇ ಪರಿಚಯ. ಪಕ್ಕದವಳ ಹೂವು ವಾರೆಯಾಗುವುದು ಕಂಡರೆ ನನ್ನ ಕೈ ತಾನಾಗಿ ಮುಂದೆ ಹೋಗುತ್ತಿತ್ತು. "ಏಯ್, ಮಡಿಕ್ಕಳೆ ಕೈಯ! ಅವಳ್ದು ಅವಳೇ ಕೆಡಿಸ್ಕಳ್ಳಿ, ನಿಂಗೇನು ಸಂಕ್ಟ?" ಆ ಶಿಶುವಿಹಾರದಲ್ಲಿ ಎಲ್ಲರಿಗಿಂತ ಹೆಚ್ಚು ಹೊತ್ತು ಕೈ ಮೇಲೆ ಕೂತವಳು ನಾನೇ. ಎದ್ದರೆ ಅಂಗೈ ತುಂಬ ಚಾಪೆಯ ಗೆರೆ.

ಒಮ್ಮೆ ಹಾಸನದಿಂದ ಸಾಹೇಬರೊಬ್ಬರು ಜೀಪಿನಲ್ಲಿ ಬಂದರು. ಗೋಡೆಯ ಮೇಲಿನ ನಮ್ಮ ಹೂಗಳನ್ನು ನೋಡಿ ಮೂಗು ಮುರಿದರು. "ಏನಮ್ಮ ಇದು, ಇಲಿ ಕಡಿದ ಹಾಗಿದೆ? ನೀಟಾಗಿ ನಾಲ್ಕು ನೀನೇ ಮಾಡಿ ಹಾಕಬಾರದಾ?" ಸಾಕಮ್ಮ ಟೀಚರು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು. "ನಂಗೆ ಬತ್ತದೆ ಸಾ. ನಂಗೆ ಬತ್ತದೆ ಅಂತ ಸರ್ಕಾರುಕ್ಕೂ ಗೊತ್ತೈತೆ, ಅದುಕ್ಕೇ ನನ್ನ ಇಟ್ಕಂಡಿರಾದು. ಈ ಕೂಸ್ಗಳಿಗೆ ಬತ್ತದಾ ಅಂತ ನೋಡಕ್ಕಲ್ವಾ ನೀವು ಬಂದಿರಾದು?" ಸಾಹೇಬರು ಕೆಮ್ಮಿದರು. ಟೀ ಕುಡಿಯದೆ ಹೋದರು.

ಈ ಮಾತನ್ನೇ ಬಾಯಲ್ಲಿ ಸಿದ್ಧ ಮಾಡಿಕೊಂಡು ನಾನು ಶಾಲೆಯ ಮೆಟ್ಟಿಲು ಹತ್ತಿದೆ. ಇಂಚರಳ ಮಿಸ್ ಶ್ವೇತಾ, ಹೊಳೆನರಸೀಪುರದ ಹುಡುಗಿ, ಮಕ್ಕಳನ್ನು ಆಟಕ್ಕೆ ಬಿಟ್ಟು ಒಬ್ಬಳೇ ಕೂತು ಚಾರ್ಟು ಅಂಟಿಸುತ್ತಿದ್ದಳು. ನಾನು ಕೂರಲೂ ಇಲ್ಲ.

"ಏನಮ್ಮ ಮಿಸ್ಸು, ಅಂಗಡಿ ಹೂವಿಗೆ ಪ್ರೈಸು ಕೊಡ್ತೀರಲ್ಲ, ಅಂಗಡಿಯೋನ್ನೇ ಕರೆದು ಕೊಡ್ಬೇಕಾಗಿತ್ತು! ಆ ಮಗು ಪಾಪ ಸಂಜೆಯೆಲ್ಲ ಕೂತು ಮಾಡಿದ್ದು ನಿಮ್ಮ ಕಣ್ಣಿಗೆ ಕಸವಾ?"

ಅವಳ ಮುಖ ಕೆಂಪಾಯಿತು. "ಅಂಗಡೀದು ಅಂತ ನಂಗೂ ಗೊತ್ತು ಆಂಟಿ. ಮಕ್ಕಳು ಮಾಡಿದ್ದನ್ನೇ ಹಾಕಿದ್ರೆ, ನೀವೇನು ಕಲಿಸ್ತೀರ ಅಂತ ಪೇರೆಂಟ್ಸು ಫೋನ್ ಮಾಡಿ ಬಯ್ತಾರೆ. ಹೋದ ವರ್ಷ ಹಾಕಿ ಬೈಸ್ಕೊಂಡಿದೀನಿ. ಈ ವರ್ಷ ಸುಮ್ನಾಗ್ಬಿಟ್ಟೆ, ತಪ್ಪೇ."

"ಸುಮ್ನಾಗಿದ್ದು ಸಾಲ್ದು ಅಂತ ನನ್ನ ಮೊಮ್ಮಗಳದ್ದು ಎಸೆದ್ರಾ?"

"ಅಯ್ಯೋ, ಅವಳದ್ದು ನಾನ್ಯಾಕೆ ಎಸೀಲಿ? ಅವಳೇ ಕೊಡ್ಲಿಲ್ಲ."

"ಕೊಡ್ಲಿಲ್ವಾ?"

"ಇದು ನಂದಲ್ಲ, ಅಜ್ಜೀದು ಅಂದ್ಲು. ಎಷ್ಟು ಕೇಳಿದ್ರೂ ಅದೇ ಮಾತು." ಶ್ವೇತಾ ಎದ್ದು ಹೋಗಿ ಇಂಚರಳ ಬ್ಯಾಗಿನಿಂದ ಪೆನ್ಸಿಲ್ ಡಬ್ಬಿ ತಂದಳು. "ನಂದು ಇಲ್ಲೈತೆ ಮಿಸ್ ಅಂತ ಇದನ್ನ ತೋರಿಸಿದ್ಲು. ನಂಗೆ ಅರ್ಥ ಆಗ್ಲಿಲ್ಲ."

ಡಬ್ಬಿ ತೆರೆದರೆ, ರಬ್ಬರಿನ ಪಕ್ಕದಲ್ಲಿ ಉಗುರಗಲದ ನಾಲ್ಕು ನೇರಳೆ ಚೂರುಗಳು. ನಾನು ಗುರುವಾರ ಬೆಳಿಗ್ಗೆ ಕತ್ತರಿಸಿ ಕೆಳಗೆ ಬೀಳಿಸಿದವು. ಆಟೋ ಬರುವಷ್ಟರಲ್ಲಿ ಆ ಮಗು ಅವನ್ನು ಯಾವಾಗ ಆಯ್ದುಕೊಂಡಿತೋ ನನಗೆ ಗೊತ್ತಿಲ್ಲ.

ನನಗೆ ಅರ್ಥವಾಯಿತು. ಡಬ್ಬಿ ಮುಚ್ಚಿ ಶ್ವೇತಾಳ ಕೈಗೆ ಕೊಟ್ಟೆ. ಸಾಕಮ್ಮ ಟೀಚರ ಮಾತನ್ನು ಹೊತ್ತು ಬಂದವಳು, ಮೂಗು ಮುರಿದ ಸಾಹೇಬರ ಕೆಲಸ ಮಾಡಿಟ್ಟಿದ್ದೆ. ಥೂ ನನ್ನ ಕೈಗಿಷ್ಟು! ಅಂಗಡಿಯಿಂದ ತಂದವರು ಮಗು ಮಾಡಿದ್ದಕ್ಕೆ ಕತ್ತರಿಯನ್ನಂತೂ ಹಾಕಿರಲಿಲ್ಲ, ನಾನು ಅದನ್ನೇ ಕತ್ತರಿಸಿದವಳು. ಬಂದ ಸಿಟ್ಟೆಲ್ಲ ತಿರುಗಿ ನನ್ನ ಮೇಲೇ ಬಿತ್ತು. ಹಾಗಂತ ಬೆಲೆಚೀಟಿಯ ಹೂವಿಗೆ ಬಹುಮಾನ ಕೊಟ್ಟ ಸಿಟ್ಟು ಇಳಿದಿದೆ ಅಂದುಕೊಳ್ಳಬೇಡಿ, ಅದೂ ಹಾಗೇ ಇದೆ. "ಮುಂದಿನ್ಸಲ ಮಕ್ಕಳು ಮಾಡಿದ್ದನ್ನೇ ಹಾಕಮ್ಮ. ಬೈಯೋರು ಬಂದ್ರೆ ನನ್ನ ಕರಿ, ನಾನು ಬತ್ತೀನಿ" ಅಂದು ಹೊರಟುಬಂದೆ.

ಸಂಜೆ ಇಂಚರ ಬಂದಳು. ಹಾಲು ಕುಡಿಸಿ, ಒಂದು ನೇರಳೆ ಹಾಳೆಯನ್ನೂ ಅವಳ ಪುಟ್ಟ ಕತ್ತರಿಯನ್ನೂ ಮುಂದಿಟ್ಟೆ. ಅವಳು ಮುಟ್ಟಲಿಲ್ಲ.

"ಇನ್ನೊಂದು ಹೂವು ಮಾಡವ್ವ."

"ಬ್ಯಾಡ. ನೀನ್ ಮತ್ತೆ ಕತ್ತರಿಸ್ತೀಯ."

"ಇಲ್ಲ ಕಣವ್ವ, ತಪ್ಪಾಯ್ತು."

"ಸುಳ್ಳು."

ಐದು ವರ್ಷದ ಮಗು ಮುಖ ನೋಡಿ ಹೇಳಿದ ಮಾತು. ಮಂಡಿ ನೋವನ್ನೂ ಮರೆತು ಚಾಪೆಯ ಮೇಲೆ ಕುಕ್ಕರಿಸಿದೆ. ಎರಡೂ ಅಂಗೈಗಳನ್ನು ತೊಡೆಯಡಿ ತಳ್ಳಿಕೊಂಡೆ. ಇಂಚರ ಬಗ್ಗಿ ಆ ಕಡೆ ನೋಡಿದಳು, ಈ ಕಡೆ ನೋಡಿದಳು. ನಂಬಿಕೆ ಬಂದ ಮೇಲೆ ಹಾಳೆ ತೆಗೆದುಕೊಂಡಳು.

ಅಡ್ಡಕ್ಕೊಮ್ಮೆ ಮಡಿಚಿದಳು. ಉದ್ದಕ್ಕೊಮ್ಮೆ ಮಡಿಚಿದಳು. ಆಮೇಲೆ ಹಿಡಿದುಕೊಂಡಳು ನೋಡಿ, ಬಿಚ್ಚಿರುವ ಮೂಲೆಯನ್ನು! ಬುಧವಾರ ಸರಿಯಾಗಿ ಹಿಡಿದವಳು ಇವತ್ತು ತಪ್ಪಿದಳು. ತಾಯಿ ಮೂಲೆ ಕತ್ತರಿಯ ಬಾಯಿಗೆ ಹೋಗುತ್ತಿದೆ. ಅದು ಆ ಕಡೆ ಕಣವ್ವ, ತಿರುಗಿಸು ಅನ್ನುವ ಮಾತು ಗಂಟಲಿಗೆ ಬಂತು, ನುಂಗಿದೆ. ತೊಡೆಯಡಿ ಕೈ ಚಡಪಡಿಸಿತು, ಒತ್ತಿ ಕೂತೆ. ನಲವತ್ತು ವರ್ಷ ಇಡೀ ಊರಿನ ರವಿಕೆಯ ಅಳತೆ ತಪ್ಪದ ಹಾಗೆ ಕತ್ತರಿಸಿದ್ದೇನೆ, ಅಷ್ಟು ಕಷ್ಟ ಯಾವತ್ತೂ ಆಗಿರಲಿಲ್ಲ.

ಕರಕ್ ಕರಕ್. ನಾಲ್ಕು ಎಸಳು ಬಿಡಿಬಿಡಿಯಾಗಿ ಚಾಪೆಯ ಮೇಲೆ ಉದುರಿದವು. ಹೂವಿಲ್ಲ. ಇಂಚರ ಅವನ್ನೇ ನೋಡುತ್ತ ಕೂತಳು. ಈಗ ಅಳುತ್ತದೆ ಮಗು ಅಂದುಕೊಂಡೆ. ಅವಳು ಒಂದೊಂದನ್ನೇ ಎತ್ತಿ ಎಣಿಸಿದಳು.

"ಅಜ್ಜಿ, ನಾಕು ಬಂತು!" ಅಂದಳು. ಅಪ್ಪನಿಗೊಂದು, ಅಮ್ಮನಿಗೊಂದು, ಮಿಸ್ಸಿಗೊಂದು ಎಂದು ಪಕ್ಕಕ್ಕಿಟ್ಟಳು. ಮಿಕ್ಕಿದ್ದೊಂದನ್ನು ಹಿಡಿದು ನನ್ನ ಮುಂದೆ ಬಂದು ನಿಂತಳು.

"ಈಗ ಕೈ ತೆಗಿ. ಇದು ನಿಂಗೆ."