ಹೀಟರಿನ ಗಾಜಿನ ಕವಚ

ಮೆಲ್ಬರ್ನ್‌ನ ಕ್ಲೇಟನ್‌ನಲ್ಲಿದ್ದ ನನ್ನ ಅಕ್ಕನಿಗೆ ಕೀಮೋ ಶುರುವಾದ ಮೇಲೆ ಅನ್ನ ಬೇಯುವ ವಾಸನೆಗೇ ವಾಂತಿಯಾಗುತ್ತಿತ್ತು. ಮಾತ್ರೆಗಳು ಹಿಡಿಯಲಿಲ್ಲ. ಕೊನೆಗೆ ನಾಲ್ಕು ಚಮಚ ಗಂಜಿ ಹೊಟ್ಟೆಯಲ್ಲಿ ನಿಲ್ಲುವಂತೆ ಮಾಡಿದ್ದು ಭಂಗಿಸೊಪ್ಪಿನ ಆವಿ. ಅದು ಆಗ ಅಲ್ಲಿ ಕಾನೂನಿಗೆ ವಿರುದ್ಧವೆಂದು ಎಲ್ಲರಿಗೂ ಗೊತ್ತಿತ್ತು. ಎಲ್ಲಿಂದ ತರುತ್ತೇನೆಂದು ಭಾವ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಹೊಗೆ ಅವಳಿಗೆ ಆಗುತ್ತಿರಲಿಲ್ಲ. ಹಾಗಾಗಿ ಭಾವ ಯಾರಿಂದಲೋ ಹಳೆಯ ವೇಪರೈಸರ್ ತಂದಿದ್ದರು. ಮೇಜಿನ ಮೇಲಿಡುವ, ಶೂ ಡಬ್ಬದಷ್ಟು ದೊಡ್ಡ ಮರದ ಪೆಟ್ಟಿಗೆ. ಅದರ ಮುಂಭಾಗದಿಂದ ಹೆಬ್ಬೆರಳಿನಂತೆ ಒಂದು ಹೀಟರ್ ಚಾಚಿಕೊಂಡಿತ್ತು, ಹೀಟರಿನ ಮೇಲೊಂದು ಗಾಜಿನ ಕವಚ. ಸೊಪ್ಪಿನ ಪುಡಿ ತುಂಬಿದ ನಳಿಕೆಯನ್ನು ಆ ಗಾಜಿಗೆ ಒತ್ತಿ ಹಿಡಿದು ರಬ್ಬರ್ ಪೈಪಿನಿಂದ ಮೆಲ್ಲಗೆ ಉಸಿರೆಳೆದುಕೊಳ್ಳಬೇಕು. ಏನೂ ಉರಿಯುವುದಿಲ್ಲ, ಬಿಸಿ ಗಾಳಿಯಷ್ಟೇ.

ಅದನ್ನು ನೋಡಿಕೊಳ್ಳುವ ಕೆಲಸ ನನ್ನ ಪಾಲಿಗೆ ಬಂತು. ನಾನಿದ್ದದ್ದು ಸಿಡ್ನಿಯ ಪ್ಯಾರಮಟ್ಟಾದಲ್ಲಿ. ರಜೆ ಸಿಕ್ಕಾಗಲೆಲ್ಲ ಅಕ್ಕನ ಮನೆಗೆ ಹೋಗುತ್ತಿದ್ದೆ. ಪೈಪು ಸೆಟೆದುಕೊಂಡಾಗ ಮೀನಿನ ತೊಟ್ಟಿಗಳ ಅಂಗಡಿಯಿಂದ ಪೈಪು ತಂದು ಕತ್ತರಿಸಿ ಹಾಕಿದೆ. ನಳಿಕೆಯ ಜಾಲರಿ ಕಟ್ಟಿಕೊಂಡಾಗ ಟೀ ಸೋಸುವ ಜಾಲರಿಯದೇ ಒಂದು ತುಂಡು. ನಳಿಕೆಯನ್ನು ಸ್ಪಿರಿಟ್‌ನಲ್ಲಿ ನೆನೆಸಿ ಹತ್ತಿಯಿಂದ ಉಜ್ಜುತ್ತಿದ್ದೆ.

"ಇಂಜಿನಿಯರಿಂಗ್ ಸೀಟು ಸಿಗ್ಲಿಲ್ಲ ಅಂತ ಅಷ್ಟು ಅತ್ತಿದ್ಯಲ್ಲೋ, ಆದ್ಯಲ್ಲ ಈಗ ಇಂಜಿನಿಯರು," ಎಂದು ಅಕ್ಕ ನಗುತ್ತಿದ್ದಳು.

ಆಯುಧಪೂಜೆಯ ದಿನ ನಾನು ಅಲ್ಲೇ ಇದ್ದೆ. ಕಾರು, ಗ್ರೈಂಡರ್, ಲ್ಯಾಪ್‌ಟಾಪ್ ಎಲ್ಲವನ್ನೂ ಒರೆಸಿ ಗಂಧ, ಕುಂಕುಮ ಇಟ್ಟೆ. ಅಕ್ಕ ಉಣ್ಣುತ್ತಿದ್ದದ್ದೇ ಆ ಪೆಟ್ಟಿಗೆಯಿಂದ. ಅದನ್ನು ಹೇಗೆ ಬಿಡಲಿ?

"ಅದಕ್ಕೂನಾ? ಪೊಲೀಸ್ ಬಂದ್ರೆ ನಮ್ಮನೆ ದೇವ್ರು ಅಂತೀಯಾ?" ಸೋಫಾದ ಮೇಲೆ ಮಲಗಿದ್ದ ಅಕ್ಕ ಕೇಳಿದಳು.

"ಸುಮ್ನಿರೇ. ಮಿಕ್ಕಿದ್ದಕ್ಕೆಲ್ಲ ಇಟ್ಟು ಇದಕ್ಕೆ ಇಡ್ದೇ ಇದ್ರೆ ಆಗತ್ತಾ?"

ಆರತಿ ಎತ್ತಿ, ಹೂವನ್ನು ನೀರಿನಲ್ಲಿ ಅದ್ದಿ ಒಂದೊಂದರ ಮೇಲೂ ಪ್ರೋಕ್ಷಿಸಿದೆ. ಬಿಸಿಯಾಗಲು ಹೊತ್ತು ಹಿಡಿಯುತ್ತದೆಂದು ಪೆಟ್ಟಿಗೆಯ ಸ್ವಿಚ್ಚನ್ನು ಆಗಲೇ ಹಾಕಿಟ್ಟವನು ನಾನೇ. ಮರೆತಿದ್ದೆ. ಟಿಕ್ ಎಂದಿತು. ಗಾಜು ಉದ್ದಕ್ಕೂ ಸೀಳಿ ಎರಡು ಹೋಳಾಯಿತು.

ಆ ಮಧ್ಯಾಹ್ನ ಅಕ್ಕ ಕುಡಿದ ಗಂಜಿ ಹೊರಗೆ ಬಂತು, ಸಂಜೆ ನೀರೂ ಬಂತು.

ಅದನ್ನು ತಯಾರಿಸಿದ ಕಂಪನಿ ಮುಚ್ಚಿಹೋಗಿತ್ತು. ನಾನು ಕಳಿಸಿದ ಈಮೇಲ್‌ಗಳು ವಾಪಸ್ಸು ಬಂದವು. ಹೊರದೇಶದಿಂದ ಹೊಸದನ್ನು ತರಿಸಲು ಭಾವ ಒಪ್ಪಲಿಲ್ಲ. ಕಾಯಂ ವಾಸದ ಪರವಾನಗಿಯ ಚಿಂತೆ ಅವರಿಗೆ.

"ಕಸ್ಟಮ್ಸ್‌ನಲ್ಲಿ ಸಿಕ್ಕಾಕೊಂಡ್ರೆ ಪಿಆರ್ ಹೋಯ್ತು ಕಣೋ. ಪಿಆರ್ ಹೋದ್ರೆ ಅವಳ ಟ್ರೀಟ್‌ಮೆಂಟೂ ಹೋಯ್ತು."

ಸಿಡ್ನಿಗೆ ಮರಳಿ, ಹೋಳುಗಳನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಸಿಗರೇಟು ಅಂಗಡಿಗಳನ್ನು ಅಲೆದೆ. ಒಬ್ಬ ನೋಡಿ, ಇದನ್ನು ಮ್ಯೂಸಿಯಮ್ಮಿಗೆ ಕೊಡು ಎಂದ. ಕೊನೆಗೆ ಮೆಲ್ಬರ್ನ್‌ನಲ್ಲಿ ಲ್ಯಾಬುಗಳಿಗೆ ಗಾಜಿನ ಸಾಮಾನು ಊದಿ ಮಾಡಿಕೊಡುವ ಮುದುಕನೊಬ್ಬನ ವಿಷಯ ತಿಳಿಯಿತು. ರಜೆ ಹಾಕಿ ಹೋದೆ. ಆತ ಹೋಳುಗಳನ್ನು ಜೋಡಿಸಿ ಅಳತೆ ತೆಗೆದ. ಯಾವುದಕ್ಕೆ ಎಂದು ಕೇಳಿದ. ನನ್ನ ಅಕ್ಕ ಊಟ ಮಾಡಬೇಕು ಎಂದೆ. ಆತ ಮತ್ತೇನೂ ಕೇಳದೆ ಮರುದಿನವೇ ಮಾಡಿಕೊಟ್ಟ.

ಆದರೆ ಅಷ್ಟರಲ್ಲಿ ಹದಿನೇಳು ದಿನ ಕಳೆದಿತ್ತು. ಅಕ್ಕ ಡ್ರಿಪ್ ಹಾಕಿಸಿಕೊಂಡು ಬಂದು ಮಲಗುತ್ತಿದ್ದಳು. ನಾನು ಗಾಜು ಕೂರಿಸಿ, ಬಿಸಿಯಾಗಲು ಬಿಟ್ಟು, ಪೈಪನ್ನು ಅವಳ ತುಟಿಗೆ ಹಿಡಿದೆ.

"ಎಳ್ಕೋ ಅಕ್ಕ."

"ಎಳ್ಕೋತಾನೇ ಇದೀನಲ್ಲೋ."

ನಳಿಕೆಯಲ್ಲಿ ಆವಿ ಏಳಲಿಲ್ಲ. ಗಾಜನ್ನು, ಜಾಲರಿಯನ್ನು, ಪೈಪಿನ ಎರಡೂ ತುದಿಗಳನ್ನು ಪರೀಕ್ಷಿಸಿದೆ. ಪೈಪನ್ನು ಒರೆಸಿ ನಾನೇ ಒಮ್ಮೆ ಎಳೆದು ನೋಡಿದೆ. ಬಾಯಿ ತುಂಬ ಆವಿ ಬಂತು. ಯಂತ್ರ ಸರಿಯಾಗಿತ್ತು. ಅವಳಲ್ಲಿ ಅಷ್ಟು ಉಸಿರಿರಲಿಲ್ಲ.

"ಬಿಡೋ," ಎಂದಳು. "ನಿನ್ನ ಮುಖ ನೋಡಕ್ಕಾಗ್ತಿಲ್ಲ."

ಮುಂದಿನ ವಾರ ಅವಳು ಹೋದಳು.

ಗಾಜು ಒಡೆಯದಿದ್ದರೂ ಹೀಗೇ ಆಗುತ್ತಿತ್ತೆಂದು ಡಾಕ್ಟರು ಹೇಳಿದರಂತೆ. ಭಾವ ಅದನ್ನು ನನಗೆ ಎರಡೆರಡು ಸಲ ಹೇಳಿದರು. ಇರಬಹುದು. ಆ ಹದಿನೇಳು ದಿನ ಅವಳು ಹಸಿದಿದ್ದಳು. ಅದನ್ನು ಮಾತ್ರ ಯಾವ ಡಾಕ್ಟರೂ ಇಲ್ಲ ಎನ್ನಲಾರರು.